ಗುಡ್ ಇನ್ ಅಲ್ಲ, ಗುಡ್ ಅಟ್ ಅಂತೆ. ಇವನ್ನೆಲ್ಲ ನೆನಪಿಡೋದು ಹೇಗೆ?

ಸಿಂಧನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಕನ್ನಡ ಮೀಡಿಯಂನಲ್ಲಿ ಓದಿದವನು, ಈಗ ರಾಯಚೂರಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಗ್ರಾಮರ್ ಅಷ್ಟೋ ಇಷ್ಟೋ ಬರುತ್ತೆ, ಆದರೆ ಈ ಗುಡ್, ಅಫ್ರೈಡ್, ಆಂಗ್ರಿ ಆದ ಮೇಲೆ ಬರುವ ಪ್ರಿಪೊಸಿಷನ್ ಮಾತ್ರ ತಲೆಗೇ ಹತ್ತುತ್ತಿಲ್ಲ. ಮೊನ್ನೆ ಮಾಕ್ ಇಂಟರ್‌ವ್ಯೂನಲ್ಲಿ 'ಐ ಯಾಮ್ ಗುಡ್ ಇನ್ ಟೈಪಿಂಗ್' ಅಂದೆ, ಎದುರಿಗೆ ಕೂತವರು ಅಲ್ಲೇ ತಡೆದು 'ಅಟ್' ಅಂದರು. ಆಮೇಲೆ ಮಾತೇ ಬರಲಿಲ್ಲ. ಪುಸ್ತಕದಲ್ಲಿ ಉದ್ದಕ್ಕೆ ಪಟ್ಟಿ ಇದೆ, ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಹೊತ್ತಿಗೆ ಮಾಯ. ಏನಾದ್ರೂ ದಾರಿ ಇದೆಯಾ?

ಕೊಪ್ಪಳದ ಟೀಚರ್:
ತಮ್ಮಾ, ಮೊದಲು ಆ ಪಟ್ಟಿ ಮುಚ್ಚಿಡು. ಕನ್ನಡದ ವಿಭಕ್ತಿಯನ್ನ ಹಾಗೇ ಎತ್ತಿ ಇಂಗ್ಲಿಷಿಗೆ ಅಂಟಿಸಿದ್ದೀಯ, ಅಷ್ಟೇ. ಟೈಪಿಂಗ್‌ನಲ್ಲಿ ಚುರುಕು, ಅದಕ್ಕೇ ಇನ್ ಬಂತು. ನಮ್ಮ ಮಕ್ಕಳೂ ನಾಯಿಗೆ ಹೆದರಿಕೆ ಅಂತ 'ಅಫ್ರೈಡ್ ಟು ಡಾಗ್', ಅವನ ಮೇಲೆ ಸಿಟ್ಟು ಅಂತ 'ಆಂಗ್ರಿ ಆನ್ ಹಿಮ್', ನನಗಿಂತ ಸೀನಿಯರ್ ಅಂತ 'ಸೀನಿಯರ್ ದ್ಯಾನ್ ಮಿ' ಬರೀತಾರೆ. ಬೇಕಾದ್ದು ಅಫ್ರೈಡ್ ಆಫ್, ಆಂಗ್ರಿ ವಿತ್, ಸೀನಿಯರ್ ಟು. ಕನ್ನಡಕ್ಕೆ ಹೊಂದುವಂಥವನ್ನ ಬಿಟ್ಟುಬಿಡು. ಕೊಪ್ಪಳದಿಂದ ದೂರ, ಫಾರ್ ಫ್ರಮ್ ಕೊಪ್ಪಳ, ಇದು ತಾನಾಗೇ ಬರುತ್ತೆ. ಹೊಂದದವನ್ನಷ್ಟೇ ಬರೆದುಕೋ, ಅದೂ ನಿಮ್ಮೂರಿನ ವಿಷಯದ ಮೇಲೇ ವಾಕ್ಯ ಮಾಡಿ. ನಾನು ಕ್ಲಾಸಲ್ಲಿ 'ಕಿನ್ನಾಳ ಈಸ್ ಫೇಮಸ್ ಫಾರ್ ವುಡನ್ ಟಾಯ್ಸ್' ಅಂತ ಒಂದೇ ವಾಕ್ಯ ಬರೆಸಿದೆ, ಫೇಮಸ್ ಫಾರ್ ಯಾರೂ ಮರೆತಿಲ್ಲ. ಇನ್ನೊಂದು, ಈ ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ಐಎನ್‌ಜಿ ಹಚ್ಚಬೇಕು: ಅಫ್ರೈಡ್ ಆಫ್ ಸ್ಪೀಕಿಂಗ್.

ಬಳ್ಳಾರಿ ಬಿಸಿಲು:
ಅಕ್ಕ ಹೇಳಿದ್ದು ಸರಿ. ಯಾಕೆ ಹೀಗೆ ಅಂತ ಕೇಳೋಕೆ ಮಾತ್ರ ಹೋಗಬೇಡ ಗುರು. ನಾವು ನಾಯಿಗೆ ಹೆದರ್ತೀವಿ, ನಮ್ಮ ಓಣಿಯಲ್ಲಿ ಉರ್ದು ಮಾತಾಡುವವರು 'ಕುತ್ತೇ ಸೇ', ಅಂದ್ರೆ ನಾಯಿಯಿಂದ ಹೆದರ್ತಾರೆ. ನಾಯಿ ಮಾತ್ರ ಅದೇ ಅಲ್ವಾ?

ಸುಮ್ನೆ ಪಟ್ಟಿ ಉರು ಹೊಡೆದು ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಟೈರ್ಡ್ ಆದ ಮೇಲೆ ಆಫ್ ಅಂತ ಕಲಿತಿದ್ದೆ. ಒಂದು ದಿನ ಎರಡು ಶಿಫ್ಟ್ ಮಾಡಿ ಸುಸ್ತಾಗಿ, ರಜೆ ಬೇಕು ಅಂತ ಮ್ಯಾನೇಜರ್‌ಗೆ 'ಐ ಯಾಮ್ ಟೈರ್ಡ್ ಆಫ್ ವರ್ಕ್' ಅಂತ ಮೆಸೇಜ್ ಹಾಕಿದೆ. ಕೆಲಸವೇ ಸಾಕಾಗಿದೆ ಅಂದ ಹಾಗಾಯ್ತು. 'ಹಾಗಾದ್ರೆ ರಾಜೀನಾಮೆ ಕೊಡ್ತೀಯಾ?' ಅಂತ ಉತ್ತರ ಬಂತು. ಕೆಲಸ ಮಾಡಿ ದಣಿದಿದ್ದರೆ ಟೈರ್ಡ್ ಫ್ರಮ್. ನಮ್ಮ 'ಕೆಲಸದಿಂದ' ಅನ್ನೋದೇ ಅಲ್ಲಿ ಸರಿ ಇತ್ತು ನೋಡಿ!

ಸಿಂಧನೂರು ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕಾ, ಅಣ್ಣಾ. ನೋಟ್‌ಬುಕ್‌ನಲ್ಲಿ ಹೊಂದದವಕ್ಕೆ ಅಂತ ಬೇರೆ ಪುಟವೇ ಮಾಡಿದೆ, ಮೊದಲ ಸಾಲಲ್ಲಿ ಟೈಪಿಂಗೇ ಇದೆ. ಇನ್ನೊಂದು ಡೌಟು: ಡಿಫರೆಂಟ್ ಆದ ಮೇಲೆ ಫ್ರಮ್ಮಾ, ದ್ಯಾನಾ? ಎರಡೂ ನೋಡಿದ್ದೇನೆ.

ಕೊಪ್ಪಳದ ಟೀಚರ್:
ಅಮೆರಿಕದವರು ದ್ಯಾನ್ ಕೂಡ ಅಂತಾರೆ, ಬ್ರಿಟನ್‌ನವರ ಬಾಯಲ್ಲಿ ಟು ಕೂಡ ಬರುತ್ತೆ. ನೀನು ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಫ್ರಮ್ ಹಾಕು.