ಬುಶಿಂಗ್ ಡೈ ಹಾಕಿದ್ರೂ ಕೇಸಿನ ಕುತ್ತಿಗೆ ಹಿಡಿತ ಒಂದೇ ಸಮ ಬರ್ತಿಲ್ಲ, ಎಲ್ಲಿ ತಪ್ಪು?

ತುಂಗಾತೀರ
ಊರು ತೀರ್ಥಹಳ್ಳಿ, ಈಗ ಇರೋದು ಕೆನಡಾದಲ್ಲಿ. ಗುರಿ ಸ್ಪರ್ಧೆಗೆ .308 ವಿಂಚೆಸ್ಟರ್ ತೋಟಾ ಇಲ್ಲಿ ರೀಲೋಡ್ ಮಾಡ್ತೀನಿ, ಅಂದ್ರೆ ಹಾರಿಸಿದ ಹಿತ್ತಾಳೆ ಕೇಸಿನ ಕುತ್ತಿಗೆಯನ್ನು ಬುಶಿಂಗ್ ಡೈಯಲ್ಲಿ (ಬದಲಾಯಿಸಬಹುದಾದ ಉಂಗುರ, ಅಂದ್ರೆ ಬುಶಿಂಗ್ ಇರೋ ಅಚ್ಚು) ಒತ್ತಿ ಕಿರಿದು ಮಾಡಿ ಹೊಸ ಗುಂಡು ಕೂರಿಸೋದು. ಈ ಗುಂಪಲ್ಲಿ ಮಾಚೇನಹಳ್ಳಿ, ಭದ್ರಾವತಿ ಕಡೆಯ ಟೂಲ್‌ರೂಮಿನವರು ಇದ್ದಾರೆ ಅಂತ ಕೇಳ್ತಿದ್ದೀನಿ. ಗುಂಡು ಕೂರಿಸುವಾಗ ಒಂದು ಕೇಸು ಬಿಗಿ, ಇನ್ನೊಂದು ಸಡಿಲ. ಡಯಲ್ ಇಟ್ಟು ತಿರುಗಿಸಿದ್ರೆ ಔಟ್ (ಸುತ್ತುವಾಗಿನ ವಾಲಾಟ) 0.004 ಇಂಚು. ಹಾರಿಸಿದ ಕೇಸಿನ ಕುತ್ತಿಗೆಯ ಹೊರವ್ಯಾಸ 0.344 ಇಂಚು, ಗುಂಡು ಕೂತ ಮೇಲೆ 0.337, ಎರಡೂ ವರ್ನಿಯರ್ ಅಳತೆ. ಹಾಕಿರೋ ಬುಶಿಂಗ್ 0.335. ಎಕ್ಸ್‌ಪಾಂಡರ್ ಬಾಲ್ (ಕುತ್ತಿಗೆಯನ್ನು ಒಳಗಿಂದ ಹಿಗ್ಗಿಸೋ ಉಬ್ಬು) ತೆಗೆದಿಲ್ಲ. ಇನ್ನೊಂದು ಮಾತು: ಊರಿಗೆ ಬಂದಾಗ ಮನೆ ಕೋವಿಯ ತೋಟಾಗೂ ಇದೇ ಕೆಲಸ ಮಾಡಬಹುದಾ?

ಮೈಕ್ರಾನ್_ಶಿವಮೊಗ್ಗ
ಮೊದಲು ವರ್ನಿಯರ್ ಕೆಳಗಿಡಿ ಮಾರಾಯ್ರೆ. ಅದರ ಲೀಸ್ಟ್ ಕೌಂಟೇ (ತೋರಿಸೋ ಅತಿ ಸಣ್ಣ ಅಳತೆ) 0.02 ಮಿಮೀ. ಬುಶಿಂಗಿನ ಒಂದು ನಂಬರಿಗೂ ಮುಂದಿನದಕ್ಕೂ ಇರೋ ಅಂತರ 0.001 ಇಂಚು, ಅಂದ್ರೆ 0.025 ಮಿಮೀ. ಆ ಅಳತೆ ನಂಬಿ ಬುಶಿಂಗ್ ಆರಿಸಿದ್ರೆ ಒಂದು ನಂಬರ್ ಆಚೀಚೆ ಆಗೋದು ಖಂಡಿತ. ಮೈಕ್ರೋಮೀಟರ್ ತಗೊಂಡು, ಗುಂಡು ಕೂರಿಸಿದ ಐದಾರು ತೋಟಾಗಳ ಕುತ್ತಿಗೆ ಅಳೀರಿ, ಪ್ರತಿಯೊಂದನ್ನೂ ಮೂರು ಕಡೆ ತಿರುಗಿಸಿ. ಬಂದ ಅಳತೆಯಲ್ಲಿ 0.002 ಕಳೆದ್ರೆ ಅದೇ ನಿಮ್ಮ ಬುಶಿಂಗ್. ನಿಜವಾಗಿ 0.337 ಇದ್ರೆ 0.335 ಸರಿಯಾದ ಆಯ್ಕೆಯೇ. ಹಿತ್ತಾಳೆ ಒತ್ತಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತೆ, ಹಾಗಾಗಿ ಕೇಸು ಬುಶಿಂಗಿನ ನಂಬರಿಗಿಂತ ಒಂದು ಕೂದಲು ದಪ್ಪವೇ ಹೊರಬರುತ್ತೆ.

ಈಗ ಔಟಿನ ವಿಷಯ. ನೀವು 0.344ರಿಂದ 0.335ಕ್ಕೆ ಒಂದೇ ಏಟಿಗೆ ಇಳಿಸ್ತಿದ್ದೀರಿ, 9 ಥೌ (ಒಂದು ಥೌ ಅಂದ್ರೆ 0.001 ಇಂಚು). ಐದು ದಾಟಿದ್ರೆ ಎರಡು ಹಂತ ಮಾಡಿ: ಮೊದಲು 0.340, ಆಮೇಲೆ 0.335. ಒಂದೇ ಸಲ ಅಷ್ಟು ಒತ್ತಿದ್ರೆ ಕುತ್ತಿಗೆ ಒಂದು ಕಡೆ ವಾಲುತ್ತೆ.

ಬುಶಿಂಗ್ ಬಿಗಿಯಾಗಿ ಕೂತಿರಬಾರದು. ಡೈಯ ಮೇಲಿನ ರಾಡನ್ನು ಬುಶಿಂಗ್ ಮುಟ್ಟೋವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ಸಡಿಲ ಮಾಡಿ. ಡೈ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಬುಶಿಂಗ್ ಕಟಕಟ ಅನ್ನಬೇಕು. ಆ ಸದ್ದು ಇಲ್ಲದಿದ್ರೆ ಅದು ಕುತ್ತಿಗೆಯ ಮಧ್ಯವನ್ನು ತಾನೇ ಹುಡುಕಿಕೊಳ್ಳಲ್ಲ, ಕುತ್ತಿಗೆಯನ್ನೇ ತನ್ನ ಕಡೆಗೆ ಎಳೆಯುತ್ತೆ.

ಎಕ್ಸ್‌ಪಾಂಡರ್ ಬಾಲ್ ತೆಗೀರಿ. ರ‍್ಯಾಮ್ (ಕೇಸು ಹೊತ್ತ ಪ್ರೆಸ್ಸಿನ ಕಂಬ) ಇಳಿಯುವಾಗ ಅದು ಒಳಗಿಂದ ಕುತ್ತಿಗೆಯನ್ನು ಉಜ್ಜಿ ಎಳೆಯುತ್ತೆ, ಬುಶಿಂಗ್ ನೆಟ್ಟಗೆ ಮಾಡಿದ್ದನ್ನು ಅಲ್ಲೇ ಕೆಡಿಸುತ್ತೆ. ಪ್ರೈಮರ್ (ಕೇಸಿನ ತಳದ ಕಿಡಿ ಬಟ್ಟಲು) ತೆಗೆಯೋಕೆ ಬೇರೆ ಡಿಕ್ಯಾಪಿಂಗ್ ಡೈ ಇಟ್ಟುಕೊಳ್ಳಿ.

ಹಿತ್ತಾಳೆಕೆಲಸ
ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಹಿಡಿತ ಕೇಸಿನಿಂದ ಕೇಸಿಗೆ ಬದಲಾಗೋದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಕುತ್ತಿಗೆ ಗೋಡೆಯ ದಪ್ಪ. ಬುಶಿಂಗ್ ಅಳತೆ ಮಾಡೋದು ಹೊರಗಿನಿಂದ. ಗುಂಡು ಹಿಡಿಯೋದು ಒಳಗಡೆ. ಗೋಡೆ ಒಂದು ಕೇಸಲ್ಲಿ 0.014, ಇನ್ನೊಂದರಲ್ಲಿ 0.015 ಇದ್ರೆ ಒಳವ್ಯಾಸದಲ್ಲಿ 0.002 ವ್ಯತ್ಯಾಸ. ಅದು ನಿಮ್ಮ ಒಟ್ಟು ಹಿಡಿತದಷ್ಟೇ ಆಯ್ತು! ಬಾಲ್ ಮೈಕ್ರೋಮೀಟರಲ್ಲಿ ಗೋಡೆ ಅಳೆದು ಕೇಸು ವಿಂಗಡಿಸಿ, ಇಲ್ಲ ಕುತ್ತಿಗೆಯ ಹೊರಮೈ ತುಸು ಟರ್ನ್ ಮಾಡಿ (ತಿರುಗಿಸಿ ಹೆರೆಯಿರಿ). ಅದು ಬೇಡ ಅನ್ನಿಸಿದ್ರೆ ಒಂದು ನಂಬರ್ ಚಿಕ್ಕ ಬುಶಿಂಗ್ ಹಾಕಿ, ಆಮೇಲೆ 0.306 ಮ್ಯಾಂಡ್ರೆಲ್ (ನುಣುಪಾದ ಉಕ್ಕಿನ ಕಡ್ಡಿ) ಒಳಗೆ ಇಳಿಸಿ. ಏರುಪೇರು ಹೊರಮೈಗೆ ಹೋಗುತ್ತೆ, ಒಳಗೆ ಎಲ್ಲಾ ಕೇಸೂ ಒಂದೇ ಸಮ. ಮ್ಯಾಂಡ್ರೆಲಿಗೆ ಗ್ರ್ಯಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಇನ್ನು ಆನೀಲಿಂಗ್, ಅಂದ್ರೆ ಕಾಯಿಸಿ ಹಿತ್ತಾಳೆ ಮೆದು ಮಾಡೋದು. ಕೇಸಿನ ಹಿತ್ತಾಳೆಯಲ್ಲಿ ತಾಮ್ರ 70, ಸತು 30. ಹಾರಿಸೋದು, ಒತ್ತೋದು ಮತ್ತೆ ಮತ್ತೆ ಆದ ಹಾಗೆ ಗಟ್ಟಿಯಾಗ್ತಾ ಹೋಗುತ್ತೆ. ಎರಡು ಸಲ ಹಾರಿಸಿದ್ದೂ ಎಂಟು ಸಲ ಹಾರಿಸಿದ್ದೂ ಒಂದೇ ಡಬ್ಬಿಯಲ್ಲಿ ಬೆರೆತಿದ್ರೆ ಅದೇ ಬುಶಿಂಗಿನಿಂದ ಬೇರೆ ಬೇರೆ ಅಳತೆ ಬರುತ್ತೆ. ಕಾಯಿಸೋದು ಕುತ್ತಿಗೆ ಮತ್ತು ಹೆಗಲು (ಕುತ್ತಿಗೆ ಕೆಳಗಿನ ಇಳಿಜಾರು) ಮಾತ್ರ. ತಳಕ್ಕೆ ಬಿಸಿ ಇಳಿದು ಅದು ಮೆದುವಾದ್ರೆ ಕೇಸು ಬಿಸಾಡಿ, ಒತ್ತಡ ತಡೆಯೋ ಜಾಗ ಅದೇ.

ತುಂಗಾತೀರ
ಅಲ್ಲಾಡಿಸಿ ನೋಡಿದೆ ಸಾರ್, ಸದ್ದೇ ಇಲ್ಲ. ಕಾಲು ಸುತ್ತು ಬಿಟ್ಟ ಮೇಲೆ ಕಟಕಟ ಬಂತು. ಕುತ್ತಿಗೆಯ ಬುಡದಲ್ಲಿ ಸುಮಾರು ಒಂದೂವರೆ ಮಿಮೀ ಒತ್ತದೆ ಹಾಗೇ ಉಳೀತಿದೆ, ಸಣ್ಣ ಮೆಟ್ಟಿಲ ಥರ ಕಾಣುತ್ತೆ. ಡೈ ಇನ್ನೂ ಕೆಳಗೆ ಇಳಿಸಲಾ?

ಮೈಕ್ರಾನ್_ಶಿವಮೊಗ್ಗ
ಬೇಡ. ಬುಶಿಂಗ್ ಡೈ ಕೆಲಸ ಮಾಡೋದೇ ಹಾಗೆ. ಡೈ ಇಳಿಸಿದ್ರೆ ಹೆಗಲು ಹಿಂದಕ್ಕೆ ಹೋಗುತ್ತೆ ಅಷ್ಟೇ. ಹೆಗಲನ್ನು 0.001ರಿಂದ 0.002 ಇಂಚಿಗಿಂತ ಹೆಚ್ಚು ತಳ್ಳಬಾರದು, ಜಾಸ್ತಿಯಾದ್ರೆ ನಾಲ್ಕೈದು ಸಲದಲ್ಲೇ ಕೇಸು ತಳದ ಹತ್ರ ಸೀಳುತ್ತೆ. ಕಂಪ್ಯಾರೇಟರ್ (ತಳದಿಂದ ಹೆಗಲಿನವರೆಗೆ ಅಳೆಯೋ ಸಾಧನ) ಇಟ್ಟು ಅಳೀರಿ. ಕುತ್ತಿಗೆ ಹೆಗಲಿಗೆ ಸೇರೋ ಕಡೆ ಒಳಗೆ ಬಳೆ ಥರ ದಪ್ಪ ಬೆಳೆದಿರುತ್ತೆ, ಗುಂಡಿನ ತಳ ಅಲ್ಲಿಗೆ ಮುಟ್ಟದ ಹಾಗೆ ನೋಡಿಕೊಂಡ್ರೆ ಸಾಕು.

ಆಗುಂಬೆಮಳೆ
ಮನೆ ಕೋವಿಯ ಪ್ರಶ್ನೆ ಯಾರೂ ಮುಟ್ಟಿಲ್ಲ. ಊರಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಕೋವಿ ಇಟ್ಟುಕೊಳ್ಳೋ ಪರವಾನಗಿ ಬೇರೆ, ಸೆಕ್ಷನ್ 5ರಲ್ಲಿ ಮದ್ದುಗುಂಡು ತಯಾರಿಸೋ ಪರವಾನಗಿ ಬೇರೆ. ಬೆಳೆ ಕಾಯೋಕೆ ಕೊಟ್ಟ ಲೈಸೆನ್ಸಿನಲ್ಲಿ ಎರಡನೆಯದು ಬರಲ್ಲ.

ಊರಲ್ಲಿ ಮಾಡಬೇಕಾದ್ದು ಒಂದಿದೆ: ಮನೆಯವರು ಅಂಗಡಿಯಿಂದ ತಂದ ತೋಟಾ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿದ್ರೆ ಅಲ್ಲಿಂದ ತೆಗೆಸಿ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಹಿತ್ತಾಳೆ ತೋಟಾಗಳು ತಾವಾಗೇ ಬಿರುಕು ಬಿಡ್ತಿದ್ದವು. ಗಂಜಲದ ಅಮೋನಿಯ, ತೇವ, ಲೋಹದೊಳಗೆ ಉಳಿದ ಸೆಳೆತ, ಈ ಮೂರೂ ಸೇರಿ ಆಗೋದು ಅಂತ 1921ರಲ್ಲಿ ಗೊತ್ತಾಯ್ತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೇನೂ ಕೊರತೆ ಇಲ್ಲ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಟ್ಟದ ಒಣ ಮೂಲೆ. ಕಿಲುಬು ಕಂಡ್ರೆ ಒಣ ಬಟ್ಟೆಯಲ್ಲಿ ಒರೆಸಿ. ದೇವರ ದೀಪ ತೊಳೆದ ಹಾಗೆ ಹುಣಸೆಹುಳಿ ಹಚ್ಚಬೇಡಿ.

ಹಿತ್ತಾಳೆಕೆಲಸ
ನಿಮ್ಮ ಖಾಲಿ ಕೇಸುಗಳಿಗೂ ಅದೇ ಮಾತು, ತುಂಗಾತೀರ ಅವರೇ. ಹುಳಿಯಲ್ಲಿ ತುಂಬ ಹೊತ್ತು ನೆನೆದ್ರೆ ಸತು ಕರಗಿ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಹಾಗೆ ತಿರುಗಿದ ಕೇಸಿಗೆ ಬುಶಿಂಗ್ ಹಾಕೋದೇ ಬೇಡ.