ಜೆಲ್ ಪಳಗಿದ ಕೈಗೆ ಅಕ್ರಿಲಿಕ್ ಒಗ್ಗಿಸೋದು ಹೇಗೆ?

ಪ್ರಶ್ನೆ: ಹಾಸನದಲ್ಲಿ ಜೆಲ್ ನೇಲ್ಸ್ (ಲ್ಯಾಂಪ್ ಬೆಳಕಲ್ಲಿ ಗಟ್ಟಿಯಾಗೋ ಉಗುರಿನ ಲೇಪ) ಮಾಡ್ತೀನಿ. ಮದುವೆ ಹುಡುಗೀರು ಈಗ ಅಕ್ರಿಲಿಕ್ (ಪೌಡರ್‌ಗೆ ಲಿಕ್ವಿಡ್ ಸೇರಿಸಿ ಕಟ್ಟೋ ಉಗುರು) ಕೇಳ್ತಿದಾರೆ. ಲ್ಯಾಂಪ್ ಬೇಡ ಅನ್ನೋದು ಖುಷಿ, ಆದ್ರೆ ಬೀಡ್ (ಬ್ರಷ್ ತುದೀಲಿ ಬರೋ ಒದ್ದೆ ಪೌಡರ್ ಉಂಡೆ) ಇಟ್ಟ ತಕ್ಷಣ ಕ್ಯೂಟಿಕಲ್ (ಉಗುರ ಬುಡದ ಚರ್ಮ) ಕಡೆ ಹರಿಯುತ್ತೆ. ಯಾಕೆ?

ಉತ್ತರ 1: ಬ್ರಷ್‌ನಲ್ಲಿ ಲಿಕ್ವಿಡ್ ಜಾಸ್ತಿ, ಅಷ್ಟೇ. ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಆಮೇಲೆ ಪೌಡರ್ ಮುಟ್ಟಿಸಿ. ಉಗುರ ಮೇಲಿಟ್ಟು ಸ್ವಲ್ಪ ಬಿಡಿ, ಹೊಳಪು ಇಳಿಯಲಿ. ಜೆಲ್ ತಾನೇ ಸಮ ಆಗುತ್ತೆ. ಅಕ್ರಿಲಿಕ್ಕನ್ನ ಅಕ್ಕಿರೊಟ್ಟಿ ಥರ ತಟ್ಟಬೇಕು, ಎಳೀಬಾರದು. ನಮ್ಮ ಚಿಕ್ಕಮಗಳೂರು ಚಳೀಲಿ ಗಟ್ಟಿಯಾಗೋದೂ ನಿಧಾನ.

ಉತ್ತರ 2: ಅಕ್ಕ, ಲಿಕ್ವಿಡ್ ಇಎಂಎನಾ (ಈಥೈಲ್ ಮೆಥಾಕ್ರಿಲೇಟ್) ನೋಡ್ಕೊಳಿ. ಅಗ್ಗದ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ಲಿಕ್ವಿಡ್‌ನಲ್ಲಿ ಮಾಡಿದ್ದು, ತೆಗೆಯೋಕೆ ಹಾಕೋ ಅಸಿಟೋನ್‌ಗೂ ಬೇಗ ಬಿಡಲ್ಲ, ಕೀಳೋಕೆ ಹೋದ್ರೆ ಉಗುರೇ ಹಾಳು. ಚರ್ಮಕ್ಕೆ ತಾಗಿಸ್ಬೇಡಿ, ಅಲರ್ಜಿ ಹತ್ತುತ್ತೆ. ಕಿಟಕಿ ತೆಗೆದಿಡಿ.

ಪ್ರಶ್ನೆ ಕೇಳಿದವರು: ಚಳಿ ಅಂತೀರ, ಕಿಟಕಿನೂ ತೆಗೀರಿ ಅಂತೀರ! ಬಾಟಲಿ ಮೇಲೆ ಏನೂ ಬರೆದಿಲ್ಲ, ನಾಳೆನೇ ವಾಪಸ್ ಕೊಡ್ತೀನಿ.