ಹಳೆ ಲ್ಯಾಪ್ ಸ್ಟೀಲ್‌ಗೆ ಆ ಕಾಲದ್ದೇ ಪಾಟ್, ಕೆಪಾಸಿಟರ್ ಎಲ್ಲಿ ಹುಡುಕೋದು?

ಪ್ರಶ್ನೆ: ನಾನಿರೋದು ಓಹಾಯೋದ ಕೊಲಂಬಸ್‌ನಲ್ಲಿ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಮನೆ ಖಾಲಿ ಮಾಡುವಾಗ ಅವರ ಯಜಮಾನರ ಗಿಬ್ಸನ್ ಬಿಆರ್-9 ಲ್ಯಾಪ್ ಸ್ಟೀಲ್ ಗಿಟಾರನ್ನು (ತೊಡೆ ಮೇಲಿಟ್ಟು ನುಡಿಸುವ ಎಲೆಕ್ಟ್ರಿಕ್ ಗಿಟಾರ್) ನನಗೆ ಕೊಟ್ಟರು. ವಾಲ್ಯೂಮ್ ಪಾಟ್ (ತಿರುಗಿಸಿ ಸದ್ದು ಏರಿಳಿಸುವ ಭಾಗ) ತಿರುಗಿಸಿದರೆ ಕರಕರ ಅನ್ನುತ್ತದೆ. ಟೋನ್ ಪೂರ್ತಿ ಇಳಿಸಿದರೆ ಸದ್ದೇ ಬಿದ್ದುಹೋಗುತ್ತದೆ. ಒಳಗೆ ಹೊಸ ಸಾಮಾನು ಹಾಕಲು ಮನಸ್ಸಿಲ್ಲ. ಆ ಕಾಲದ ಬಿಡಿಭಾಗ ಹುಡುಕಿದವರು ಯಾರಾದರೂ ಇದ್ದೀರಾ?

ಉತ್ತರ: ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ನಾನು ಮೂರು ಲ್ಯಾಪ್ ಸ್ಟೀಲ್ ಸರಿಮಾಡಿದ್ದೇನೆ. ಮೊದಲನೆಯದರಲ್ಲಿ ಅವಸರಪಟ್ಟು, ಬರೀ ಕೊಳೆಯಾಗಿದ್ದ ಪಾಟ್‌ಗಳನ್ನು ಕಿತ್ತು ಬಿಸಾಡಿಬಿಟ್ಟೆ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಕರಕರ ಸದ್ದು ಬಹಳ ಸಲ ಕೊಳೆಯಿಂದಲೇ ಬರುವುದು.

ಮೊದಲು ಒಳಗಿರುವುದನ್ನು ಓದಿ. ಪಾಟ್‌ನ ಬೆನ್ನ ಮೇಲೋ ಬದಿಯಲ್ಲೋ ಆರು ಅಂಕಿ ಒತ್ತಿರುತ್ತಾರೆ. ಮೊದಲ ಮೂರು ತಯಾರಕರದು: 134 ಅಂದರೆ ಸೆಂಟ್ರಲ್ಯಾಬ್, 137 ಸಿಟಿಎಸ್, 304 ಸ್ಟ್ಯಾಕ್‌ಪೋಲ್. ಆಮೇಲಿನ ಒಂದಂಕಿ ವರ್ಷದ ಕೊನೆಯ ಅಂಕಿ, ಉಳಿದ ಎರಡು ವಾರ. 134418 ಅಂತಿದ್ದರೆ ಸೆಂಟ್ರಲ್ಯಾಬ್, 1954, 18ನೇ ವಾರ. ಬಿಆರ್-9 ಬಂದಿದ್ದು 1947ರಿಂದ 1959ರವರೆಗೆ, ಹಾಗಾಗಿ ವರ್ಷದ ಅಂಕಿ 7, 8 ಅಥವಾ 9 ಇದ್ದರೆ ಮಾತ್ರ ಯಾವ ದಶಕ ಅಂತ ಗೊಂದಲ. ಪಾಟ್ ತಯಾರಾಗಿ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಕೂತಿರಬಹುದು, ಆದ್ದರಿಂದ ಗಿಟಾರ್ ಅದಕ್ಕಿಂತ ಹಳೆಯದಲ್ಲ ಅಂತಷ್ಟೇ ಹೇಳಬಹುದು.

ಟೋನ್ ವಿಷಯ ಬೇರೆ. ಇಳಿಸಿದಾಗ ಚುರುಕು ಸದ್ದು ಹೋಗುವುದು ಸಹಜ, ಆದರೆ ಒಟ್ಟು ಸದ್ದೇ ಕುಗ್ಗಿದರೆ ನನಗೆ ಮೊದಲು ಅನುಮಾನ ಬರುವುದು ಕೆಪಾಸಿಟರ್ ಮೇಲೆ, ಅಂದರೆ ಟೋನ್ ಪಾಟ್‌ಗೆ ಬೆಸೆದಿರುವ, ಚುರುಕು ಸದ್ದನ್ನಷ್ಟೇ ಸೋಸಿ ತೆಗೆಯುವ ಪುಟ್ಟ ಭಾಗದ ಮೇಲೆ. ಆ ಕಾಲದವು ಕಾಗದ, ಮೇಣದವು, ವಯಸ್ಸಾದಂತೆ ಅವುಗಳ ಮೂಲಕ ವಿದ್ಯುತ್ ಸೋರುತ್ತದೆ. ಅದರ ಒಂದು ಕಾಲಿನ (ತಂತಿಯ) ಬೆಸುಗೆ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಓಮ್ (ವಿದ್ಯುತ್ತಿಗೆ ಎಷ್ಟು ತಡೆ ಅಂತ) ನೋಡಿ. ಹತ್ತಿಪ್ಪತ್ತು ಕಿಲೋಓಮ್ ತೋರಿಸಿದರೆ ಅದು ಕೆಟ್ಟಿದೆ, ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಸದ್ದು ಅದರ ಮೂಲಕ ಹರಿದುಹೋಗುತ್ತಿದೆ. ಮೆಗಾಓಮ್‌ಗಟ್ಟಲೆ ತೋರಿಸಿದರೆ ಅಷ್ಟು ಚೂರು ಸೋರಿಕೆಯಿಂದ ಗಿಟಾರ್‌ಗೆ ತೊಂದರೆಯಿಲ್ಲ, ಕೆಪಾಸಿಟರನ್ನು ಹಾಗೇ ಬಿಟ್ಟುಬಿಡಿ. ಇಲ್ಲಿ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್‌ನಲ್ಲಿರುವಂಥ ನೂರಾರು ವೋಲ್ಟ್ ಇಲ್ಲವಲ್ಲ.

ಬದಲಿಸಲೇಬೇಕಾದರೆ ಗಿಟಾರ್ ಬಿಡಿಭಾಗ ಮಾರುವವರ ಹತ್ತಿರ ಹೋಗಬೇಡಿ, ಹಳೇ ರೇಡಿಯೋ ಹುಡುಕಿ. ನಾನು ಒಮ್ಮೆ "1950ರ ದಶಕದ್ದು, ಬಳಸದೇ ಇಟ್ಟಿದ್ದು" ಅಂತ ದುಬಾರಿ ಕೆಪಾಸಿಟರ್ ತರಿಸಿದೆ. ಅನುಮಾನ ಬಂದು ಒಡೆದು ನೋಡಿದರೆ ಹಳೇ ಚಿಪ್ಪಿನ ವೇಷದೊಳಗೆ ಇಂದಿನ ಫಿಲ್ಮ್ ಕೆಪಾಸಿಟರ್. 1940-50ರ ದಶಕದ ಐದು ವಾಲ್ವ್‌ಗಳ ಮಾಮೂಲಿ ಅಮೆರಿಕನ್ ರೇಡಿಯೋದಲ್ಲಿ ಸಾಮಾನ್ಯವಾಗಿ 500ಕೆ (500 ಕಿಲೋಓಮ್) ವಾಲ್ಯೂಮ್ ಪಾಟ್ ಇರುತ್ತದೆ, ಬೆನ್ನಿಗೆ ಸ್ವಿಚ್ ಅಂಟಿರುತ್ತದೆ ಅಷ್ಟೇ. .02, .05 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳೂ ಸಿಗುತ್ತವೆ. ಮೇಲೆ ಎಮ್‌ಎಫ್‌ಡಿ ಅಂತಿದ್ದರೆ ಮೈಕ್ರೋಫ್ಯಾರಡ್, ಎಮ್‌ಎಮ್‌ಎಫ್ ಅಂತಿದ್ದರೆ ಪಿಕೋಫ್ಯಾರಡ್, ಎರಡನ್ನೂ ಬೆರೆಸಬೇಡಿ. ಅಲ್ಲಿಂದ ತೆಗೆದದ್ದೂ ಸೋರಬಹುದು, ಹಾಕುವ ಮುಂಚೆ ಅಳೆಯಿರಿ. ಮತ್ತೆ, ಹಾಡುವ ರೇಡಿಯೋವನ್ನು ಮಾತ್ರ ಬಿಚ್ಚಬೇಡಿ. ಪೆಟ್ಟಿಗೆ ಒಡೆದು ಮೂಲೆ ಸೇರಿದ್ದನ್ನೇ ಆರಿಸಿ.

ನೀವಿರುವ ಕಡೆಯಿಂದ ಓಹಾಯೋದ ಝೀನಿಯಾ ಊರು ದೂರವೇನಲ್ಲ. ಪ್ರತಿ ಮೇ ತಿಂಗಳು ಅಲ್ಲಿ ಹ್ಯಾಮ್‌ವೆನ್ಷನ್ ನಡೆಯುತ್ತದೆ. 1952ರಲ್ಲಿ ಡೇಟನ್‌ನಲ್ಲಿ ಶುರುವಾಗಿದ್ದು, 2017ರಿಂದ ಝೀನಿಯಾದಲ್ಲಿದೆ. ಹ್ಯಾಮ್ ರೇಡಿಯೋದವರ (ಹವ್ಯಾಸಕ್ಕೆ ರೇಡಿಯೋ ಪ್ರಸಾರ ಮಾಡುವವರ) ಸಂತೆ ಅದು. ಮಲ್ಟಿಮೀಟರ್, ಟಾರ್ಚ್ ಎರಡನ್ನೂ ಜೇಬಲ್ಲಿಟ್ಟುಕೊಂಡು ಹೋಗಿ. ಡಬ್ಬಿಗಟ್ಟಲೆ ಪಾಟ್ ಹರಡಿಕೊಂಡು ಕೂತ ಹಿರಿಯರ ಹತ್ತಿರ ಸ್ವಲ್ಪ ಮಾತಾಡಿ, ಅಂಕಿ ಓದಿ ಹುಡುಕುತ್ತಿದ್ದೀರಿ ಅಂತ ತಿಳಿದರೆ ಅವರೇ ಕೂತು ಹುಡುಕಿಕೊಡುತ್ತಾರೆ. ನನಗೆ ಹಾಗೆಯೇ ಸಿಕ್ಕಿದ್ದು.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ಪಾಟ್ ತೊಳೆಯುವಾಗ ಕಾರ್ಬನ್‌ಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರನ್ನೇ ಬಳಸಿ. ಕಾಲುಗಳ ಹತ್ತಿರದ ಸಂದಿಯಿಂದ ಸ್ವಲ್ಪ ಬಿಟ್ಟು ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ಜ್ಯಾಕ್ (ಆಂಪ್ಲಿಫೈಯರ್ ವೈರ್ ಚುಚ್ಚುವ ಜಾಗ) ಸಡಿಲ ಅನ್ನಿಸಿದರೂ ಬದಲಿಸಬೇಡಿ, ಅದರ ಸ್ಪ್ರಿಂಗ್ ಪಟ್ಟಿಯನ್ನು ಮೆಲ್ಲಗೆ ಒಳಕ್ಕೆ ಬಾಗಿಸಿದರೆ ಸಾಕು. ತೆಗೆದದ್ದು ಏನಿದ್ದರೂ ಚೀಟಿ ಬರೆದು ಗಿಟಾರ್ ಪೆಟ್ಟಿಗೆಯಲ್ಲೇ ಇಡಿ, ಮುಂದೆ ಯಾರ ಕೈಗೆ ಹೋಗುತ್ತದೋ ಅವರಿಗೆ ಬೇಕಾಗುತ್ತದೆ.

ಕೇಳಿದವರು: ತುಂಬಾ ಥ್ಯಾಂಕ್ಸ್! ಇವತ್ತು ಬಿಚ್ಚಿದೆ. ಒಂದರ ಮೇಲೆ 134234 ಅಂತಿದೆ. 1952 ಅಲ್ವಾ? ಇನ್ನೊಂದರ ಅಂಕಿ ಬೆಸುಗೆಯ ಅಡಿ ಮುಚ್ಚಿಹೋಗಿದೆ. ಕೆರೆದು ನೋಡಲಾ?

ಉತ್ತರ: ಹೌದು, 1952, ಆಗಸ್ಟ್ ಹೊತ್ತಿನದು. ಕೆರೆಯಬೇಡಿ! ಯಾರೂ ಮುಟ್ಟದ ಆ ಬೆಸುಗೆಗೇ ಬೆಲೆ ಜಾಸ್ತಿ. ಟಾರ್ಚ್ ಓರೆಯಾಗಿ ಹಿಡಿದು ಬದಿಯಲ್ಲಿ ನೋಡಿ, ಕಾಣದಿದ್ದರೆ ಹಾಗೇ ಇರಲಿ. ಮೊದಲು ತೊಳೆದು ನುಡಿಸಿ ನೋಡಿ, ಆಮೇಲೆ ಕೆಪಾಸಿಟರ್‌ನ ಓಮ್ ಎಷ್ಟು ಬಂತು ಅಂತ ತಿಳಿಸಿ.